ಅಂಟು ಮೆತ್ತಿದವರ ಸಹಿ ಎಲ್ಲಿದೆ?

ಅಂಟು ಮೆತ್ತಿದರು. ರೈಲು ಇಂಜಿನ್ನಿಗೆ ಅಂಟು!

ಪ್ಲಾಸ್ಟಿಕ್ ಬಕೆಟ್ಟು ಸೀಳಿದರೆ ನಾವು ಎಂ-ಸೀಲ್ ನಾದಿ ಮೆತ್ತುತ್ತೇವಲ್ಲ, ಹಾಗೆ. ನಮ್ಮ ಬಕೆಟ್ಟು ಮತ್ತೆ ಸೋರಿದರೆ ಬಚ್ಚಲು ಒದ್ದೆಯಾಗುತ್ತದೆ. ಅವರ ಇಂಜಿನ್ ಸೋರಿದ್ದಕ್ಕೆ 47 ಜನ ಸತ್ತರು.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ನಡೆದದ್ದು. ಮಾಂಟ್ರಿಯಲ್, ಮೈನ್ ಅಂಡ್ ಅಟ್ಲಾಂಟಿಕ್ ಎಂಬ ಖಾಸಗಿ ರೈಲು ಕಂಪನಿ. 2012ರ ಅಕ್ಟೋಬರಿನಲ್ಲಿ ಅದರ 5017ನೇ ನಂಬರಿನ ಇಂಜಿನ್ ಕೆಟ್ಟಿತು. ನೆಟ್ಟಗೆ ರಿಪೇರಿ ಮಾಡಲು ಹೊತ್ತು ಬೇಕು, ದುಡ್ಡು ಬೇಕು. ಬೇಗ ಹಳಿಗಿಳಿಸಿ ಎಂಬ ಒತ್ತಡ ಬೇರೆ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರು. ಎಪಾಕ್ಸಿಯಂಥ ಅಂಟು ಹಾಕಿ ಕಳಿಸಿಬಿಟ್ಟರು. ಅದಕ್ಕೆ ಬೇಕಾದ ಗಟ್ಟಿತನವೂ ಇರಲಿಲ್ಲ, ಬಾಳಿಕೆಯೂ ಇರಲಿಲ್ಲ. ಇದು ನಾನು ಸಿಟ್ಟಿನಲ್ಲಿ ಹೇಳುವ ಮಾತಲ್ಲ. ಆ ದೇಶದ ಸಾರಿಗೆ ಸುರಕ್ಷತಾ ಮಂಡಳಿಯೇ ತನಿಖೆ ಮಾಡಿ ಬರೆದದ್ದು.

2013ರ ಜುಲೈ 5ರ ರಾತ್ರಿ ಅದೇ ಇಂಜಿನ್ನನ್ನು ಗಾಡಿಯ ಮುಂದೆ ಕಟ್ಟಿದ್ದರು. ಹಿಂದೆ 72 ಟ್ಯಾಂಕರ್ ಕಚ್ಚಾ ಎಣ್ಣೆ. ಅಷ್ಟಕ್ಕೂ ಒಬ್ಬನೇ ಚಾಲಕ. ಒಬ್ಬನೇ ಸಾಕು ಅಂದಿತ್ತು ಕಂಪನಿ. ಆಗಲಿ ಅಂದಿತ್ತು ಸರ್ಕಾರ. ನಾಂಟ್ ಎಂಬ ಊರಿನ ಹತ್ತಿರ, ಇಳಿಜಾರಿನಲ್ಲಿ, ಮುಖ್ಯ ಹಳಿಯ ಮೇಲೆಯೇ ಗಾಡಿ ನಿಲ್ಲಿಸಿದ. ಇಂಜಿನ್ ವಿಪರೀತ ಹೊಗೆ ಕಾರುತ್ತಿತ್ತು. ಚಾಲಕ ಮೇಲಿನವರಿಗೆ ತಿಳಿಸಿದ. ಬೆಳಿಗ್ಗೆ ನೋಡೋಣ ಎಂದಾಯಿತು. ಅವನು ಮಲಗಲು ಹೋಟೆಲಿಗೆ ಹೋದ.

ಇಲ್ಲಿ ಸ್ವಲ್ಪ ನಿಲ್ಲಿ. ಬ್ರೇಕು ಅಂದರೆ ಏನೆಂದು ತಿಳಿಯದೆ ಈ ಅನ್ಯಾಯ ತಿಳಿಯುವುದಿಲ್ಲ.

ಗಾಳಿ ಬ್ರೇಕು ಎಂದರೆ ಉಸಿರು ಬಿಗಿಹಿಡಿದು ನಿಂತ ಹಾಗೆ. ಎಷ್ಟು ಹೊತ್ತು ಹಿಡಿದೀತು? ಇಂಜಿನ್ನಿನ ಕಂಪ್ರೆಸರ್ ಗಾಳಿ ತುಂಬುತ್ತಲೇ ಇರಬೇಕು. ವಾಶರ್ ಸವೆದ ಕಡೆ, ಹೋಸ್ ಪೈಪು ಸೇರುವ ಕಡೆ, ಸಿಲಿಂಡರಿನ ಅಂಚಿನಲ್ಲಿ ಅದು ಸೋರುತ್ತಲೇ ಇರುತ್ತದೆ. ಕೈಬ್ರೇಕು ಹಾಗಲ್ಲ. ವ್ಯಾಗನ್ನಿಗೆ ಹತ್ತಿ ಕೈಚಕ್ರ ತಿರುವಿದರೆ ಸರಪಳಿ ಬಿಗಿಯುತ್ತದೆ. ಬ್ರೇಕ್ ಬ್ಲಾಕು ಗಾಲಿಯನ್ನು ಕಚ್ಚುತ್ತದೆ. ಸರಪಳಿ ಸೋರುವುದಿಲ್ಲ. ಆದರೆ ಒಂದೊಂದು ವ್ಯಾಗನ್ನಿಗೂ ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಬೆವರು ಹರಿಯಬೇಕು. ಅಷ್ಟು ಹೊತ್ತಿಗೆ ಸಂಬಳ ಕೊಡಬೇಕು. ಒಬ್ಬನಿಗೆ ಆಗದಿದ್ದರೆ ಇನ್ನೊಬ್ಬನನ್ನು ಇಡಬೇಕು. ಕಂಪನಿಗೆ ಹೊಟ್ಟೆಯುರಿ ಶುರುವಾಗುವುದೇ ಇಲ್ಲಿ.

ಅವತ್ತು ತಿರುವಿದ್ದು ಏಳು ಕೈಬ್ರೇಕು. ಬೇಕಿದ್ದದ್ದು ಕಡಿಮೆಯೆಂದರೂ 17, ಬಹುಶಃ 26. ಹಿಡಿದಿದೆಯೇ ಎಂದು ಎಳೆದು ನೋಡಿದ್ದು ನಿಜ. ಆದರೆ ನೋಡುವಾಗ ಇಂಜಿನ್ನಿನ ಗಾಳಿ ಬ್ರೇಕು ಬಿಟ್ಟಿರಲಿಲ್ಲ. ಹೀಗಾಗಿ ಗಾಡಿ ಅಲುಗಲಿಲ್ಲ. ಭದ್ರವಾಗಿದೆ ಎಂದುಕೊಂಡ. ಹೌದು, ಅದು ಚಾಲಕನ ತಪ್ಪು. ಅವನನ್ನು ದೇವರು ಮಾಡಲು ನಾನು ಕೂತಿಲ್ಲ. ಆದರೆ ಕೇಳಿ. ಟ್ಯಾಂಕರುಗಳ ಗಾಳಿ ಬ್ರೇಕನ್ನೂ ಹಾಕಿಟ್ಟಿದ್ದರೆ ಅದೊಂದು ಎರಡನೇ ಕಾವಲಾಗುತ್ತಿತ್ತು. ಹಾಗೆ ಹಾಕಿಡಕೂಡದು ಎಂದು ಕಂಪನಿಯದೇ ಅಪ್ಪಣೆ ಇತ್ತು! ಕಾವಲು ತೆಗೆದವರು ಯಾರು? ಕತ್ತಲಲ್ಲಿ ಒಂಟಿಯಾಗಿ ಕೈಚಕ್ರ ತಿರುವುತ್ತಿದ್ದವನೋ, ಆಫೀಸಿನಲ್ಲಿ ಕೂತು ಸುತ್ತೋಲೆ ಬರೆದವನೋ?

ಮಧ್ಯರಾತ್ರಿಗೆ ಮುಂಚೆ ಅಂಟು ಮೆತ್ತಿದ ಇಂಜಿನ್ನಿಗೆ ಬೆಂಕಿ ಬಿತ್ತು. ಸೋರಿದ ಎಣ್ಣೆ ಟರ್ಬೊದಲ್ಲಿ ಸೇರಿ ಹೊತ್ತಿಕೊಂಡಿತ್ತು. ಅಗ್ನಿಶಾಮಕದವರು ಬಂದರು. ಇಂಜಿನ್ ನಿಲ್ಲಿಸಿದರು, ಬೆಂಕಿ ಆರಿಸಿದರು. ಅವರ ಕೆಲಸ ಅವರು ಮಾಡಿದರು. ಕಂಪನಿ ಯಾರನ್ನು ಕಳಿಸಿತು ಗೊತ್ತೆ? ಹಳಿ ನೋಡಿಕೊಳ್ಳುವ ಒಬ್ಬ ನೌಕರನನ್ನು. ಇಂಜಿನ್ನಿನ ಗಂಧಗಾಳಿ ಆತನಿಗಿಲ್ಲ. ಇಂಜಿನ್ ನಿಂತರೆ ಕಂಪ್ರೆಸರ್ ನಿಲ್ಲುತ್ತದೆ, ಕಂಪ್ರೆಸರ್ ನಿಂತರೆ ಗಾಳಿ ಇಳಿಯುತ್ತದೆ ಎಂದು ಹೇಳಲು ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕರೆಂಟು ಹೋದಾಗ ತಾನಾಗಿಯೇ ಬ್ರೇಕು ಬೀಳಿಸಬೇಕಾದ ಸಾಧನ ಒಂದಿತ್ತು. ಅದಕ್ಕೆ ಬೇಕಾದ ಹಾಗೆ ವೈರಿಂಗ್ ಮಾಡಿರಲಿಲ್ಲ. ಎಲ್ಲರೂ ಮನೆಗೆ ಹೋದರು. ಗಾಳಿ ಮೆಲ್ಲಗೆ ಸೋರಿತು.

ಒಂದು ಗಂಟೆ ಸುಮಾರಿಗೆ ಗಾಡಿ ಹೊರಟಿತು. ಚಾಲಕನಿಲ್ಲ. ದೀಪವಿಲ್ಲ. 11 ಕಿಲೋಮೀಟರಿಗೂ ಹೆಚ್ಚು ಇಳಿಜಾರು. ಕೆಳಗೆ ಲಾಕ್-ಮೆಗಾಂಟಿಕ್ ಎಂಬ ಪುಟ್ಟ ಊರು, ಶುಕ್ರವಾರ ರಾತ್ರಿ, ತೆರೆದೇ ಇದ್ದ ಒಂದು ಕೆಫೆ. ಒಂದೂಕಾಲಕ್ಕೆ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಊರ ನಡುವೆ ಹಳಿ ತಪ್ಪಿತು. 63 ಟ್ಯಾಂಕರು ಹಳಿ ಬಿಟ್ಟವು. ಸುಮಾರು 60 ಲಕ್ಷ ಲೀಟರ್ ಎಣ್ಣೆ ಚೆಲ್ಲಿತು. ಬೀದಿಯೇ ಒಲೆಯಾಯಿತು.

ಇದಕ್ಕೆ ಅಪಘಾತ ಅನ್ನುತ್ತೀರಾ? ಇದರಲ್ಲಿ ಆಕಸ್ಮಿಕ ಯಾವುದು, ಒಂದನ್ನು ತೋರಿಸಿ. ಅಂಟು ಆಕಸ್ಮಿಕವೆ? ಒಬ್ಬನೇ ಚಾಲಕ ಆಕಸ್ಮಿಕವೆ? ಆ ಕಂಪನಿಯ ಲೋಪಗಳು ಮತ್ತೆ ಮತ್ತೆ ಕಣ್ಣಿಗೆ ಬಿದ್ದರೂ ಬೆನ್ನು ಹತ್ತದ ಸರ್ಕಾರಿ ಇಲಾಖೆ ಆಕಸ್ಮಿಕವೆ?

ಕಂಪನಿಯ ಅಧ್ಯಕ್ಷ ನಾಲ್ಕು ದಿನ ಕಳೆದ ಮೇಲೆ ಊರಿಗೆ ಕಾಲಿಟ್ಟ. ಬೆರಳು ತೋರಿಸಿದ್ದು ಚಾಲಕನ ಕಡೆಗೆ. ಮುಂದಿನ ತಿಂಗಳು ಕಂಪನಿ ದಿವಾಳಿ ಅರ್ಜಿ ಹಾಕಿತು. 47 ಸಾವಿನ ಕ್ರಿಮಿನಲ್ ಮೊಕದ್ದಮೆಯಲ್ಲಿ ಕಟಕಟೆ ಹತ್ತಿದವರು ಮೂವರು. ಚಾಲಕ, ಕಂಟ್ರೋಲರ್, ಸಂಚಾರ ನೋಡಿಕೊಳ್ಳುತ್ತಿದ್ದ ಒಬ್ಬ ಮ್ಯಾನೇಜರ್. 2018ರ ಜನವರಿಯಲ್ಲಿ ಜ್ಯೂರಿ ಮೂವರನ್ನೂ ಬಿಟ್ಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಬೇಡ ಎಂದು ಆ ಹನ್ನೆರಡು ಮಂದಿಗಾದರೂ ಅನಿಸಿತು. ಎತ್ತನ್ನು ಮಾತ್ರ ಆ ಕಟಕಟೆಗೆ ಯಾರೂ ಹಿಡಿದು ತರಲಿಲ್ಲ.

ಆಮೇಲಾದರೂ ಬುದ್ಧಿ ಬಂತೆ? ಎಲ್ಲಿಯ ಬುದ್ಧಿ!

2019ರ ಫೆಬ್ರವರಿ 4. ಅದೇ ಕೆನಡಾ, ರಾಕಿ ಪರ್ವತದ ಫೀಲ್ಡ್ ಹಿಲ್ ಎಂಬ ಕಡಿದಾದ ಇಳಿಜಾರು. 112 ವ್ಯಾಗನ್ ತುಂಬ ಧಾನ್ಯ. ಮೈನಸ್ 28 ಡಿಗ್ರಿ ಚಳಿ. ತುರ್ತು ಬ್ರೇಕು ಹಾಕಿ ನಿಲ್ಲಿಸಿದ್ದ ಗಾಡಿ. ಕೈಬ್ರೇಕು ತಿರುವಿರಲಿಲ್ಲ. ಬ್ರೇಕು ಸಿಲಿಂಡರುಗಳು ಚಳಿಗೆ ಸೋರಿದವು. ಸುಮಾರು ಮೂರು ಗಂಟೆ ನಿಂತಿದ್ದ ಗಾಡಿ ತಾನಾಗಿ ಜಾರಿತು. ಆಗಷ್ಟೇ ಡ್ಯೂಟಿಗೆ ಹತ್ತಿದ್ದ ಮೂವರೂ ಸತ್ತರು. ಅದರಲ್ಲೊಬ್ಬ ಇನ್ನೂ ತರಬೇತಿಯಲ್ಲಿದ್ದವ.

ಹೊಟ್ಟೆಗೆ ಬೆಂಕಿ ಬೀಳುವ ಮಾತು ಇದಲ್ಲ. ಮುಂದಿದೆ. ಪ್ರತಿ ಚಳಿಗಾಲದಲ್ಲೂ ಅಲ್ಲಿನ ಚಾಲಕರು ಬರೆದು ಕೊಟ್ಟಿದ್ದರು. ಈ ಇಳಿಜಾರಿನಲ್ಲಿ ಧಾನ್ಯದ ಗಾಡಿಗೆ ಬ್ರೇಕು ಹಿಡಿಯುತ್ತಿಲ್ಲ ಎಂದು. ಒಂದು ವರ್ಷವಲ್ಲ, ವರ್ಷ ವರ್ಷ. ಕಾಗದ ಹೋಯಿತು. ಫೈಲಿಗೆ ಸೇರಿತು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ ಅಲ್ಲವೆ? ಸಿಲಿಂಡರುಗಳನ್ನು ಕಾಲಕಾಲಕ್ಕೆ ಬಿಚ್ಚಿ ನೋಡುವ ನಿಯಮ ಮಾಡಿ ಎಂದು ಸುರಕ್ಷತಾ ಮಂಡಳಿ ಶಿಫಾರಸು ಮಾಡಿದ್ದು 2022ರಲ್ಲಿ. ಮಣ್ಣು ಮಾಡಿ ಮೂರು ವರ್ಷವಾದ ಮೇಲೆ.

ಹಳೇ ರೋಗ ಇದು. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾದಲ್ಲಿ ಭಾನುವಾರದ ಶಾಲೆಯ ಮಕ್ಕಳು ತುಂಬಿದ್ದ ಪ್ರವಾಸದ ಗಾಡಿ ಏರಿನಲ್ಲಿ ಹತ್ತಲಾರದೆ ನಿಂತಿತು. ಗಾಡಿಯನ್ನು ಎರಡು ತುಂಡು ಮಾಡಿದರು. ಹಿಂದಿನ ಬೋಗಿಗಳ ಗಾಲಿಗೆ ಕಲ್ಲು ಒತ್ತು ಕೊಟ್ಟರು. ಕಲ್ಲು! ಬೋಗಿಗಳು ಹಿಂದಕ್ಕೆ ಜಾರಿಬಿಟ್ಟವು. ಬೋಗಿ ಬೇರೆಯಾಗಿ ಕೊಳವೆಯ ಗಾಳಿ ಒಮ್ಮೆಲೇ ಇಳಿದರೆ ತಾನೇ ಬಿಗಿಯುವ ಬ್ರೇಕನ್ನು ವೆಸ್ಟಿಂಗ್‌ಹೌಸ್ 1872ರಲ್ಲೇ ಮಾಡಿಟ್ಟಿದ್ದ. ಖರ್ಚು ಎಂದು ಕಂಪನಿಗಳು ಮೂಗು ಮುರಿದಿದ್ದವು. 80 ಹೆಣ ಬಿದ್ದ ಮೇಲೆ ಅದೇ ವರ್ಷ ಕಡ್ಡಾಯದ ಕಾನೂನು ಬಂತು. ಪಾರ್ಲಿಮೆಂಟಿಗೆ ಅಷ್ಟು ವರ್ಷ ಸಿಗದ ಪುರಸೊತ್ತು ಮೂರು ತಿಂಗಳೊಳಗೆ ಸಿಕ್ಕಿತು.

ಅದು ಅವರ ದೇಶದ ಪಾಡು ಎಂದು ಕಾಲು ಚಾಚಿ ಕೂರಬೇಡಿ.

2024ರ ಫೆಬ್ರವರಿ 25. ಜಮ್ಮುವಿನ ಕಠುವಾ ಸ್ಟೇಷನ್. 53 ವ್ಯಾಗನ್ ಜಲ್ಲಿಕಲ್ಲು ತುಂಬಿದ ಗೂಡ್ಸ್ ಗಾಡಿ ಲೋಕೋ ಪೈಲಟ್ ಇಲ್ಲದೆಯೇ ಹೊರಟುಬಿಟ್ಟಿತು. 70 ಕಿಲೋಮೀಟರ್ ಓಡಿತು. ಪಂಜಾಬಿನ ಊಂಚಿ ಬಸ್ಸಿಯ ಹತ್ತಿರ ಹಳಿಯ ಮೇಲೆ ಮರದ ತುಂಡು ಇಟ್ಟು ನಿಲ್ಲಿಸಿದರು. ಅರ್ಮಾದಲ್ಲಿ ಕಲ್ಲು, ನಮ್ಮಲ್ಲಿ ಮರ. 135 ವರ್ಷದಲ್ಲಿ ನಾವು ಕಂಡ ಪ್ರಗತಿ! ಎದುರಿಗೆ ಯಾವ ಗಾಡಿಯೂ ಇರಲಿಲ್ಲ, ಯಾರೂ ಸಾಯಲಿಲ್ಲ. ಹಾಗಾಗಿ ಎರಡು ದಿನ ವಿಡಿಯೋ ನೋಡಿ ನಕ್ಕೆವು. ನಾನೂ ನೋಡಿದೆ, ನೀವೂ ನೋಡಿದಿರಿ. ಸ್ಟೇಷನ್ ಮಾಸ್ಟರ್, ಲೋಕೋ ಪೈಲಟ್ ಮುಂತಾದವರ ಅಮಾನತು ಆಯಿತು. ಅಮಾನತು ಎಂಬುದು ಯಾವಾಗಲೂ ಕೆಳಗಿನ ಮೆಟ್ಟಿಲಲ್ಲೇ ಯಾಕೆ ನಿಲ್ಲುತ್ತದೆ? ಮೇಲೆ ಹತ್ತಲು ಅದಕ್ಕೇನು ಮಂಡಿನೋವೆ?

ಮಂಡಿನೋವು ಅಂದೆ ನೋಡಿ, ನೆನಪಾಯಿತು. ರೈಲು ಸುರಕ್ಷತೆಗೆಂದೇ 2017ರಲ್ಲಿ ಒಂದು ಲಕ್ಷ ಕೋಟಿಯ ರಾಷ್ಟ್ರೀಯ ರೈಲು ಸಂರಕ್ಷಾ ಕೋಶ ಮಾಡಿದರು. ಆ ದುಡ್ಡಲ್ಲಿ ಪಾದ ಒತ್ತುವ ಮಸಾಜ್ ಯಂತ್ರ, ಪಿಂಗಾಣಿ ಪಾತ್ರೆ, ಕುರ್ಚಿ ಮೇಜು ಕೊಂಡದ್ದನ್ನು ಮಹಾಲೇಖಪಾಲರ 2022ರ ವರದಿ ಎತ್ತಿ ತೋರಿಸಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಬ್ರೇಕ್ ಬ್ಲಾಕು ಬದಲಿಸುವವನು ವ್ಯಾಗನ್ನಿನ ಅಡಿಯಲ್ಲಿ ಮಂಡಿಯೂರಿ ತೆವಳುತ್ತಾನಲ್ಲ ಸ್ವಾಮಿ, ಅವನ ಪಾದ ಒತ್ತಿದಿರಾ? ಸುರಕ್ಷತೆಗೆ ಸಂಬಂಧಪಟ್ಟ ಒಂದೂವರೆ ಲಕ್ಷದಷ್ಟು ಹುದ್ದೆ ಖಾಲಿ ಇವೆ ಎಂದು 2024ರಲ್ಲಿ ಆರ್‌ಟಿಐ ಅರ್ಜಿಗೆ ರೈಲ್ವೆಯೇ ಉತ್ತರ ಕೊಟ್ಟಿದೆ. ಇಲ್ಲದ ಮನುಷ್ಯ ಯಾವ ವ್ಯಾಗನ್ನಿನ ಅಡಿ ತೆವಳುತ್ತಾನೆ?

ನಮ್ಮ ಮನೆ ಬಾಗಿಲಲ್ಲೇ ಘಾಟಿಗಳಿವೆ. ಕ್ಯಾಸಲ್‌ರಾಕಿನಿಂದ ಕುಳೆಂಗೆ ಇಳಿಯುವ ಹಳಿ 37 ಅಡಿಗೆ ಒಂದು ಅಡಿ ಇಳಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ 50ಕ್ಕೆ ಒಂದು. ಲಾಕ್-ಮೆಗಾಂಟಿಕ್‌ನ ಇಳಿಜಾರು ಇವುಗಳ ಮುಂದೆ ಅಂಗಳ. ದೂಧ್‌ಸಾಗರದ ಹತ್ತಿರ ಕಿಟಕಿಯಿಂದ ತಲೆ ಹೊರಹಾಕಿ ಜಲಪಾತದ ಫೋಟೋ ತೆಗೆಯುತ್ತೇವೆ. ಒಂದು ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಬ್ರೇಕ್ ಬ್ಲಾಕು ಗಾಲಿಗೆ ಉಜ್ಜಿ ಬರುವ ವಾಸನೆ ಅದು. ನಾವು ಮೂಗು ಮುಚ್ಚಿಕೊಳ್ಳುತ್ತೇವೆ. ಗಾಡಿ ಅರ್ಧ ಗಂಟೆ ತಡವಾದರೆ ರೈಲ್ವೆಗೆ ಟ್ವೀಟು ಮಾಡಿ ಬೈಯುತ್ತೇವೆ. ಬ್ರೇಕು ನೋಡಲು ಅರ್ಧ ಗಂಟೆ ಸಾಕಾಯಿತಾ ಎಂದು ಒಬ್ಬರಾದರೂ ಕೇಳಿದ್ದೇವಾ? ಹೊಸ ರೈಲಿಗೆ ಹಸಿರು ಬಾವುಟ ಬೀಸುವಾಗ ಪ್ಲಾಟ್‌ಫಾರಂ ತುಂಬ ನಾವೇ. ಹಳೇ ವ್ಯಾಗನ್ನಿನ ಸಿಲಿಂಡರಿಗೆ ಹೊಸ ವಾಶರ್ ಹಾಕಿದ್ದಕ್ಕೆ ಯಾವ ಮಂತ್ರಿ ಬಾವುಟ ಬೀಸಿದ್ದಾನೆ?

ಗೂಡ್ಸ್ ಗಾಡಿ ಹೊರಡುವ ಮುನ್ನ ಒಂದು ಕಾಗದ ಕೊಡುತ್ತಾರೆ. ಬ್ರೇಕ್ ಪವರ್ ಸರ್ಟಿಫಿಕೇಟ್. ನೂರಕ್ಕೆ ಇಷ್ಟು ಬ್ರೇಕು ಸರಿಯಿದೆ ಎಂದು ಅದರಲ್ಲಿ ಬರೆದಿರುತ್ತದೆ. ವ್ಯಾಗನ್ ಪರೀಕ್ಷೆ ಮಾಡಿದವನ ಸಹಿ, ಲೋಕೋ ಪೈಲಟನ ಸಹಿ, ಗಾರ್ಡಿನ ಸಹಿ. ನಾಳೆ ಹೆಣ ಬಿದ್ದರೆ ಈ ಮೂರು ಸಹಿ ಹಿಡಿದುಕೊಂಡು ಮೂರು ಮನೆ ಬಾಗಿಲಿಗೆ ಬರುತ್ತಾರೆ. ಎಂಟು ಜನ ಬೇಕಾದ ಕಡೆ ನಾಲ್ಕು ಸಾಕು ಎಂದವನ ಸಹಿ ಅದರಲ್ಲಿಲ್ಲ. ಬೇಗ ಬಿಡಿ, ಲೋಡಿಂಗ್ ಟಾರ್ಗೆಟ್ ಇದೆ ಎಂದು ಫೋನಿನಲ್ಲಿ ಒದರಿದವನ ಸಹಿಯೂ ಇಲ್ಲ. ಆ ಕಾಗದದ ಕೆಳಗೆ ಇನ್ನೊಂದು ಗೆರೆ ಎಳೆಯಿರಿ. ಅವನನ್ನು ಎಸಿ ಕೋಣೆಯಿಂದ ಎಬ್ಬಿಸಿ ತನ್ನಿ, ಪೆನ್ನು ಕೈಗೆ ಕೊಡಿ. ಗಾಡಿ ಆಮೇಲೆ ಬಿಡಿ.