ವೆಬ್‌ಸೈಟಿಗಿಲ್ಲದ ಗಡಿ ಶೇಂಗಾ ಚಟ್ನಿಗೇಕೆ?

ಸೊಲ್ಲಾಪುರ, ಅಕ್ಕಲಕೋಟ ಕಡೆಯ ಕನ್ನಡ ಮನೆಗಳಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವುದು ಹೊಸದೇನಲ್ಲ. ಹೊಸದೇನಿದ್ದರೂ ಮಾರುವ ದಾರಿ. ಓಣಿಯ ಗಿರಾಕಿ, ಸಂತೆಯ ಗಿರಾಕಿಯ ಜೊತೆಗೆ ಈಗ ಫೋನಿನ ಗಿರಾಕಿಯೂ ಇದ್ದಾನೆ. ಪುಣೆಗೆ ನೌಕರಿಗೆ ಹೋದ ಮಗ, ಕಲಬುರಗಿಗೆ ಕೊಟ್ಟ ಮಗಳು, ಅವರ ಆಜೂಬಾಜೂ ಮನೆಯವರು, ಎಲ್ಲರಿಗೂ ಊರಿನ ಚಟ್ನಿಯೇ ಬೇಕು. ಇಂಥ ಮನೆಗಳು, ಮಹಿಳೆಯರ ಬಚತ್ ಗಟಗಳು ತಮ್ಮದೇ ಒಂದು ವೆಬ್‌ಸೈಟ್ ಮಾಡಿಕೊಳ್ಳುವುದು ಒಳ್ಳೇದು. ಸಾಲ ಮಾಡಿ ಅಲ್ಲ, ಕಡಿಮೆ ಖರ್ಚಿನಲ್ಲಿ.

ವೆಬ್‌ಸೈಟ್ ಅಂದಕೂಡಲೇ ಹತ್ತಾರು ಸಾವಿರದ ಅಂದಾಜುಪಟ್ಟಿ ಹಿಡಿದು ಬರುವವರು ಬಹಳ. ಐದಾರು ಬಗೆಯ ಸರಕು ಮಾರುವ ಮನೆಗೆ ಅಷ್ಟೊಂದು ಬೇಕಾಗಿಲ್ಲ. ಗೂಗಲ್ ಸೈಟ್ಸ್, ಬ್ಲಾಗರ್‌ನಂಥ ಕಡೆ ಪುಟ ಕಟ್ಟಲು ದುಡ್ಡು ಬೀಳುವುದಿಲ್ಲ. ದುಡ್ಡು ಬೀಳುವುದು ಹೆಸರಿಗೆ, ಅಂದರೆ ಡೊಮೇನ್‌ಗೆ. ಡಾಟ್ ಇನ್ ಹೆಸರಾದರೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು. ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ಎರಡನೇ ವರ್ಷದಿಂದ ದರ ಏರಿಸುವುದು ಈ ಧಂದೆಯ ರೂಢಿ. ಆದ್ದರಿಂದ ನವೀಕರಣದ ದರ ಎಷ್ಟೆಂದು ಮೊದಲೇ ನೋಡಿಕೊಳ್ಳಬೇಕು. ಪುಟದಲ್ಲಿ ಸರಕಿನ ಫೋಟೋ, ತೂಕ, ದರ, ಎಷ್ಟು ದಿನ ಕೆಡದೆ ಇರುತ್ತದೆ ಎಂಬ ಮಾಹಿತಿ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ಆರ್ಡರಿಗೆ ವಾಟ್ಸ್‌ಆ್ಯಪ್, ಹಣಕ್ಕೆ ಯುಪಿಐ. ಸುರುವಿಗೆ ಇಷ್ಟು ಸಾಕು.

ಪುಟವೇ ಪುಕ್ಕಟೆ ಸಿಗುವಾಗ ಹೆಸರಿಗೆ ಯಾಕ ರೊಕ್ಕ ಅಂತ ಕೇಳುವವರಿದ್ದಾರೆ. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆ ಅಂಗಡಿಯವರಿಗೆ ಪುಕ್ಕಟೆ ಕೊಟ್ಟಿದ್ದ ವೆಬ್‌ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ಬಂದ್ ಮಾಡಿತು. ಯಾಹೂ ಕಂಪನಿಯ ಜಿಯೋಸಿಟೀಸ್ 2009ರಲ್ಲೇ ಮುಚ್ಚಿತ್ತು. ಸ್ವಂತ ಹೆಸರು ಇದ್ದವರು ಬೇರೆ ಕಡೆ ಪುಟ ಕಟ್ಟಿ ಅದೇ ಹೆಸರು ಜೋಡಿಸಿಕೊಳ್ಳಬಹುದು. ಇಲ್ಲದವರು ಪಾಕೀಟಿನ ಮೇಲೆ ಛಾಪಿಸಿದ ವಿಳಾಸಕ್ಕೆ ಎಳ್ಳುನೀರು ಬಿಡಬೇಕು. ಆ ಹೆಸರನ್ನು ಮನೆಯವರದೇ ಇ-ಮೇಲ್, ಮನೆಯವರದೇ ಫೋನ್ ನಂಬರಿನಲ್ಲಿ ನೋಂದಾಯಿಸಬೇಕು. ಪುಟ ಮಾಡಿಕೊಟ್ಟ ಹುಡುಗ ತನ್ನ ಖಾತೆಯಲ್ಲೇ ಹೆಸರು ತಗೊಂಡು ನಾಳೆ ಪುಣೆಗೆ ಹೋಗಿ ನಂಬರ್ ಬದಲಿಸಿದರೆ, ವರ್ಷದ ಕೊನೆಗೆ ನವೀಕರಣದ ನೋಟೀಸು ಯಾರಿಗೂ ಮುಟ್ಟುವುದಿಲ್ಲ.

ಪುಟದಲ್ಲಿ ಮರಾಠಿ, ಇಂಗ್ಲಿಷ್ ಜೊತೆ ಕನ್ನಡವೂ ಇರಲಿ. ಅಭಿಮಾನದ ಮಾತು ಬಿಡಿ, ಇದು ವ್ಯಾಪಾರದ ಮಾತು. ವಿಜಯಪುರದಲ್ಲಿ ಕೂತು ಕನ್ನಡದಲ್ಲಿ ಹುಡುಕುವವರ ಕಣ್ಣಿಗೆ ಬೀಳಬೇಕಾದರೆ ಕನ್ನಡ ಅಕ್ಷರ ಬೇಕು. ಅದೂ ಯೂನಿಕೋಡ್‌ನಲ್ಲಿ. ಡಿಟಿಪಿ ಅಂಗಡಿಯ ಹಳೇ ಫಾಂಟಿನಲ್ಲಿ ಹೊಡೆದದ್ದು, ಫೋಟೋ ಮಾಡಿ ಅಂಟಿಸಿದ್ದು ಹುಡುಕಾಟಕ್ಕೆ ಸುಲಭವಾಗಿ ಸಿಗುವುದಿಲ್ಲ.

ಇಲ್ಲೀತನಕ ಎಲ್ಲ ಸರಳ. ತೊಡಕು ಶುರುವಾಗುವುದು ಮೊದಲ ಆರ್ಡರ್ ಆಳಂದದಿಂದ ಬಂದಾಗ.

ಮಹಾರಾಷ್ಟ್ರದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಕಳಿಸಿದರೆ 2017ರ ಕಾಯ್ದೆಯ 24ನೇ ಕಲಂ ಪ್ರಕಾರ ನೋಂದಣಿ ಕಡ್ಡಾಯ. ವಹಿವಾಟು ಎಷ್ಟೇ ಸಣ್ಣದಿರಲಿ. ಅಕ್ಕಲಕೋಟದ ಚಟ್ನಿ ಮಹಾರಾಷ್ಟ್ರದ ಆ ತುದಿಯ ನಾಗಪುರಕ್ಕೆ ಹೋದರೆ ಒಂದೇ ರಾಜ್ಯ; ಪಕ್ಕದ ತಾಲೂಕು ಆಳಂದಕ್ಕೆ ಹೋದರೆ ಅಂತರರಾಜ್ಯ ವ್ಯಾಪಾರ. ಜತ್‌ನವರಿಗೆ ವಿಜಯಪುರ, ಹೊಸೂರಿನವರಿಗೆ ಬೆಂಗಳೂರು, ಕಾಸರಗೋಡಿನ ಮಿಡಿ ಉಪ್ಪಿನಕಾಯಿಗೆ ಮಂಗಳೂರು, ಎಲ್ಲ ಕಡೆ ಇದೇ ಕಥೆ. ಗಡಿ ಕನ್ನಡಿಗರ ನೆಂಟರು, ಗಿರಾಕಿಗಳು ಇರುವುದೇ ಆ ಕಡೆ ಅನ್ನುವುದು ಕಾಯ್ದೆಗೆ ಗೊತ್ತಿಲ್ಲ.

ನೋಂದಣಿಗೆ ಶುಲ್ಕವೇನೂ ಇಲ್ಲ ಅನ್ನುವುದು ಖರೆ. ಆದರೆ ರಿಟರ್ನ್ ಸಲ್ಲಿಸುವುದು ಬೆನ್ನು ಹತ್ತುತ್ತದೆ. ಒಂದು ರೂಪಾಯಿಯ ವ್ಯಾಪಾರ ಆಗದ ತಿಂಗಳಿನ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ ವಿಳಂಬ ಶುಲ್ಕ. ಸಣ್ಣವರಿಗೆಂದೇ ಇರುವ ಸರಳ ಕಂಪೋಸಿಷನ್ ಪದ್ಧತಿ ಅಂತರರಾಜ್ಯ ಮಾರಾಟಕ್ಕೆ ಸಿಗುವುದಿಲ್ಲ. ಸಾವಿರದ ವೆಬ್‌ಸೈಟಿಗೆ ಅದಕ್ಕಿಂತ ಹೆಚ್ಚು ಲೆಕ್ಕ ಬರೆಯುವವರಿಗೇ ಕೊಡಬೇಕು.

ರಾಜ್ಯ ದಾಟುವ ಸಣ್ಣವರಿಗೆ ಯಾವ ವಿನಾಯಿತಿಯೂ ಇಲ್ಲ ಅಂತೇನಿಲ್ಲ. ಸೇವೆ ಕೊಡುವವರಿಗೆ 2017ರ ಅಕ್ಟೋಬರ್‌ನಲ್ಲೇ ಸಿಕ್ಕಿತು. 20 ಲಕ್ಷದವರೆಗೆ ಬೇರೆ ರಾಜ್ಯಕ್ಕೆ ಸೇವೆ ಕೊಟ್ಟರೂ ನೋಂದಣಿ ಬೇಕಿಲ್ಲ. ಕರಕುಶಲ ವಸ್ತುಗಳಿಗೂ ಷರತ್ತಿನ ಮೇಲೆ ಸಿಕ್ಕಿದೆ. ಅಂದರೆ ವೆಬ್‌ಸೈಟ್ ಮಾಡಿಕೊಡುವ ಹುಡುಗ ಸೊಲ್ಲಾಪುರದಲ್ಲಿ ಕೂತು ಬೆಂಗಳೂರಿನವರಿಗೆ ಪುಟ ಮಾಡಿಕೊಟ್ಟರೆ ನೋಂದಣಿಯ ಗೊಡವೆಯಿಲ್ಲ. ಆ ವೆಬ್‌ಸೈಟಿನ ಮೂಲಕ ಒಂದು ಕಿಲೋ ಚಟ್ನಿ ಆಳಂದಕ್ಕೆ ಕಳಿಸುವ ಅಕ್ಕನಿಗೆ ಉಂಟು! ಇದರಲ್ಲಿ ಯಾವ ನ್ಯಾಯ? ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ನೋಂದಣಿ ಇಲ್ಲದೆ ಮಾರಲು 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ಅವಕಾಶ ಕೊಟ್ಟರು. ಅದೂ ಸ್ವಂತ ರಾಜ್ಯದೊಳಗೆ ಮಾತ್ರ.

ಸೇವೆಗೆ ಕೊಟ್ಟ 20 ಲಕ್ಷದ ವಿನಾಯಿತಿಯನ್ನೇ ಮನೆಯಲ್ಲಿ ತಯಾರಿಸಿದ ತಿನಿಸಿಗೂ ಕೊಡಬೇಕು. ಜಿಎಸ್‌ಟಿ ಮಂಡಳಿಯಲ್ಲಿ ಮಹಾರಾಷ್ಟ್ರವೂ ಇದೆ, ಕರ್ನಾಟಕವೂ ಇದೆ. ಗಡಿ ವಿವಾದ ಬಂದಾಗ ಮೇಜು ಗುದ್ದುವ ಎರಡೂ ಕಡೆಯವರು ಅಲ್ಲಿ ಈ ಒಂದು ಮಾತು ಎತ್ತಲಿ. ಗಡಿ ಭಾಗದ ಕನ್ನಡ ಸಂಘಗಳೂ ರಾಜ್ಯೋತ್ಸವದ ಠರಾವುಗಳ ಜೊತೆ ಇದನ್ನೊಂದು ಸೇರಿಸಬಹುದು.

ಸದ್ಯಕ್ಕೊಂದು ದಾರಿ ಇದೆ. ರೊಟ್ಟಿ, ಚಪಾತಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯೂ ಬೇಕಿಲ್ಲ. ಅದೇ ಮನೆಯಿಂದ ಗಡಿಯಾಚೆಗೆ ಚಟ್ನಿಯೂ ಹೋದರೆ ಲೆಕ್ಕ ಬದಲಾಗುತ್ತದೆ. ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ, ವೆಬ್‌ಸೈಟಿನಲ್ಲಿ ಎರಡು ಪಟ್ಟಿ ಹಾಕುವುದೇ ಮೇಲು: ಮಹಾರಾಷ್ಟ್ರದ ಗಿರಾಕಿಗೆ ರೊಟ್ಟಿ, ಚಟ್ನಿ ಎಲ್ಲ, ಕರ್ನಾಟಕದ ಗಿರಾಕಿಗೆ ರೊಟ್ಟಿ ಮಾತ್ರ.