ಲೈನು ಕಡಿದರೆ ಹಣ ಯಾರದು?

2024ರ ಮಳೆಗಾಲದ ಮಾತು. ಕರ್ಕಿಯ ಒಬ್ಬ ಕಿರಾಣಿ ವ್ಯಾಪಾರಿ ರಾತ್ರಿ ಅಂಗಡಿಯ ಬಾಗಿಲು ಹಾಕಿ ಮೊಬೈಲಿನಲ್ಲಿ ಪೋಕರ್ ಆಡುತ್ತಿದ್ದರು. ಕೈಗೆ ಒಳ್ಳೆಯ ಎಲೆ ಬಂದಿತ್ತು. ಎರಡು ಸಾವಿರ ರೂಪಾಯಿ ಪಣಕ್ಕೆ ಇಟ್ಟಾಗಿತ್ತು. ಅಷ್ಟರಲ್ಲಿ ಗಾಳಿಮಳೆಗೆ ಕರೆಂಟು ಹೋಯಿತು, ಅದರ ಬೆನ್ನಿಗೇ ನೆಟ್‌ವರ್ಕೂ ಹೋಯಿತು. ಮತ್ತೆ ಲೈನು ಬರುವಷ್ಟರಲ್ಲಿ ಹಣ ಇನ್ನೊಬ್ಬನ ಪಾಲಾಗಿತ್ತು. “ಮಾಸ್ತರೇ, ಎರಡು ಸಿಮ್ ಇಟ್ಟುಕೊಂಡರೆ ಆದೀತೋ?” ಎಂದು ನನ್ನನ್ನು ಕೇಳಿದರು.

ಎರಡು ಸಿಮ್ ಇದ್ದರೆ ಲೈನು ಕಡಿಯುವುದು ಕಡಿಮೆಯಾದೀತು. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. ಲೈನು ಕಡಿದಾಗ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ?

ಆಟದ ಗಡಿಯಾರ ಇರುವುದು ಕಂಪನಿಯ ಯಂತ್ರದಲ್ಲಿ. ಆಟಗಾರನಿಗೆ ಕೆಲವೇ ಸೆಕೆಂಡುಗಳ ಅವಧಿ. ಅಷ್ಟರೊಳಗೆ ಉತ್ತರ ಹೋಗದಿದ್ದರೆ ಅವನು ಎಲೆ ಕೆಳಗಿಟ್ಟನೆಂದೇ ಲೆಕ್ಕ; ಪಣಕ್ಕಿಟ್ಟ ಹಣ ವಾಪಸಿಲ್ಲ. ಹಿಂದೆ ಕೆಲವು ಕಂಪನಿಗಳು ಲೈನು ಕಡಿದವನಿಗೆ ರಕ್ಷಣೆ ಕೊಡುತ್ತಿದ್ದವು. ಸೋಲುವ ಹೊತ್ತಿಗೆ ಬೇಕೆಂದೇ ಲೈನು ಕಡಿಯುವವರು ಹುಟ್ಟಿಕೊಂಡ ಮೇಲೆ ಅದನ್ನೂ ತೆಗೆದರು. ಕಂಪನಿಗೆ ಮಾತ್ರ ನಷ್ಟವಿಲ್ಲ. ಗೆದ್ದವನು ಯಾರೇ ಆಗಲಿ, ಪಣದ ಹಣದಲ್ಲಿ ತನ್ನ ಪಾಲನ್ನು ಅದು ಮೊದಲೇ ಮುರಿದುಕೊಳ್ಳುತ್ತದೆ.

ಇದನ್ನು ನಮ್ಮ ಅಂಗಡಿಯ ವ್ಯವಹಾರದೊಡನೆ ಹೋಲಿಸಿ ನೋಡಿರಿ. ಯುಪಿಐಯಲ್ಲಿ ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ ವ್ಯಾಪಾರಿಗೆ ಖಾತರಿ ಬಾರದಿದ್ದರೆ, 5 ದಿನಗಳೊಳಗೆ ಆ ಹಣ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇದು 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಆಜ್ಞೆ. ಅಲ್ಲಿಯೂ ಲೈನು, ಇಲ್ಲಿಯೂ ಲೈನು. ಅಲ್ಲಿ ಬಡವನಿಗೆ ಕಾನೂನಿನ ಆಸರೆಯಿದೆ, ಇಲ್ಲಿ ಕಂಪನಿ ಬರೆದದ್ದೇ ಕಾನೂನು.

ಇದು ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂಬುದು ಕಂಪನಿಗಳ ವಾದ. ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ ಸರಕಾರ 2021ರಲ್ಲಿ ತಂದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟು ರದ್ದುಪಡಿಸಿತು. ಕೌಶಲವೆಂದೇ ಒಪ್ಪೋಣ. ಮರ ಬಿದ್ದು ತಂತಿ ಹರಿದು ಟವರು ಸತ್ತ ರಾತ್ರಿ ಕರ್ಕಿಯ ಮನುಷ್ಯ ಯಾವ ಕೌಶಲ ತೋರಿಸಬೇಕು? ಯಕ್ಷಗಾನ ನೋಡಿ ಬೆಳೆದ ನಮಗೆ ಶಕುನಿಯ ದಾಳ ಹೊಸದಲ್ಲ. ಧರ್ಮರಾಯನ ಎದುರು ಶಕುನಿಯಾದರೂ ಕುಳಿತಿದ್ದ. ಇಲ್ಲಿ ಎದುರಾಳಿಯ ಮುಖವೂ ಕಾಣದು.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಆಡಿಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ಇದು ಸರಿಯಾದ ವಿವೇಕ. ದೊಡ್ಡ ಕಂಪನಿಗಳು ಆಟ ನಿಲ್ಲಿಸಿದವು. ಆದರೆ ಪರದೇಶದಲ್ಲಿ ಕುಳಿತು ಕದ್ದು ಆಡಿಸುವವರಿದ್ದಾರೆ. ಅಲ್ಲಿ ಲೈನು ಕಡಿದರೆ ದೂರು ಕೊಡಲು ವಿಳಾಸವೂ ಇಲ್ಲ.

ನಿಷೇಧವೊಂದರಿಂದಲೇ ಚಟ ಹೋಗದೆಂಬುದು ನಿಜ. ಪಗಾರ ತಿಂಗಳ ಕೊನೆಗೆ ಮುಟ್ಟದಾಗ, ವ್ಯಾಪಾರ ಕುಸಿದಾಗ, ಒಂದೇ ರಾತ್ರಿಯಲ್ಲಿ ಸಾಲ ತೀರಿಸುವ ಆಸೆ ಹುಟ್ಟುತ್ತದೆ. ಆ ಆಸೆಯೇ ಜೂಜಿನವರ ಬಂಡವಾಳ. ಅದಕ್ಕೆ ನ್ಯಾಯವಾದ ಮಜೂರಿ, ಕಡಿಮೆ ಬಡ್ಡಿಯ ಸಾಲ, ಇವೇ ಮದ್ದು.

ಆದ್ದರಿಂದ ಆ ವ್ಯಾಪಾರಿ ಮಿತ್ರರಿಗೆ ನಾನು ಹೇಳಿದ್ದು ಇಷ್ಟೇ: “ಎರಡನೆಯ ಸಿಮ್ ಬೇಕಾದರೆ ಅಂಗಡಿಯ ವ್ಯವಹಾರಕ್ಕೆ ಇಟ್ಟುಕೊಳ್ಳಿ, ಜೂಜಿಗೆ ಬೇಡ.” ಒಳ್ಳೆಯ ಲೈನನ್ನು ನಾವು ಕೇಳಲೇಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟಿಗಾಗಿ ಕಾಯುವ ಮುದುಕಿಗೆ ಅದು ಬೇಕು, ಓದುವ ಮಕ್ಕಳಿಗೆ ಬೇಕು. ಮಳೆಗಾಲದಲ್ಲಿಯೂ ಸಾಯದ ಟವರು ಬೇಕೆಂದು ಪಂಚಾಯತಿಯಲ್ಲಿ ಒಟ್ಟಾಗಿ ಕೇಳೋಣ. ಅದು ನಮ್ಮ ಹಕ್ಕು. ನಮ್ಮ ಜೇಬಿಗೆ ಕೈ ಹಾಕುವವನ ಅನುಕೂಲಕ್ಕಲ್ಲ.