'ಸ್ತ್ರೀ' ಅಂದರೆ ಎಷ್ಟು ಅಕ್ಷರ?

ಈ ಬರಹ ಓದುತ್ತಿರುವ ಫೋನಿನಲ್ಲೇ ಒಂದು ಪ್ರಯೋಗ ಮಾಡಿ. 'ಸ್ತ್ರೀ' ಎಂದು ಟೈಪ್ ಮಾಡಿ, ಅಳಿಸುವ ಬಟನ್ ಒಂದೊಂದೇ ಸಲ ಒತ್ತಿ. ಹೆಚ್ಚಿನ ಫೋನುಗಳಲ್ಲಿ ಅಕ್ಷರ ಒಂದೇ ಏಟಿಗೆ ಹೋಗುವುದಿಲ್ಲ. ಮೊದಲು ಈಕಾರ, ಆಮೇಲೆ ಒತ್ತು, ಹೀಗೆ ಕಳಚುತ್ತಾ ಹೋಗುತ್ತದೆ. ನಮಗೆ ಅದು ಒಂದು ಅಕ್ಷರ, ಯಂತ್ರಕ್ಕೆ 6 ತುಂಡು. ಪ್ರತಿ ತುಂಡಿಗೆ 3 ಬೈಟ್‌ನಂತೆ ಒಟ್ಟು 18 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್ ಸಾಕು.

ಹಾಗಾದರೆ ಅಕ್ಷರ ಯಾವುದು ಎಂದು ತೀರ್ಮಾನ ಮಾಡುವವರು ಯಾರು? ಕೋಡ್ ಬರೆಯುವವರು. ಇದು ಚೆನ್ನಾಗಿ ಕಾಣುವುದು ಒಂದು ಪುಟ್ಟ ಕೋಡಿನಲ್ಲಿ. ಅದರ ಹೆಸರು ಲೈನ್‌ನಾಯ್ಸ್.

ಕಂಪ್ಯೂಟರಿನವರು ಕಪ್ಪು ಪರದೆಯಲ್ಲಿ ಆದೇಶ ಟೈಪ್ ಮಾಡಿ ಎಂಟರ್ ಒತ್ತುವುದನ್ನು ಸಿನಿಮಾದಲ್ಲಾದರೂ ನೋಡಿರುತ್ತೀರಿ. ಅದೇ ಕಮಾಂಡ್ ಲೈನ್. ಸಾಲಿನ ನಡುವೆ ತಪ್ಪಾದರೆ ಹಿಂದೆ ಹೋಗಿ ತಿದ್ದುವುದು, ಮೇಲಿನ ಬಾಣ ಒತ್ತಿ ಹಳೆಯ ಆದೇಶ ತರುವುದು ತಾನಾಗಿ ಬರುವ ಸೌಲಭ್ಯಗಳಲ್ಲ. ಅದಕ್ಕೆ ಬೇರೆ ಕೋಡ್ ಬೇಕು. ಇಲ್ಲದಿದ್ದರೆ ಬಾಣ ಒತ್ತಿದಾಗ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆ ಬೀಳುತ್ತದೆ.

ಈ ಕೆಲಸಕ್ಕೆ ರೀಡ್‌ಲೈನ್ ಎಂಬ ಹಳೆಯ ಲೈಬ್ರರಿ ಇತ್ತು. ಅದು ದೊಡ್ಡದು, ಅದರ ಲೈಸೆನ್ಸಿನ ಷರತ್ತುಗಳು ಎಲ್ಲರಿಗೂ ಹೊಂದುತ್ತಿರಲಿಲ್ಲ. ಇಟಲಿಯ ಸಿಸಿಲಿಯವರಾದ ಸಾಲ್ವತೋರೆ ಸ್ಯಾನ್‌ಫಿಲಿಪ್ಪೊ 2010ರಲ್ಲಿ ಸಿ ಭಾಷೆಯಲ್ಲಿ ಲೈನ್‌ನಾಯ್ಸ್ ಬರೆದರು. ಎರಡೇ ಫೈಲ್, ಪುಟ್ಟ ಕೋಡ್. ಯಾರು ಬೇಕಾದರೂ ಬಳಸಿ ಎಂದು ಬಿಟ್ಟುಕೊಟ್ಟರು. ಅವರದ್ದೇ ರೆಡಿಸ್‌ನಲ್ಲಿ, ಮೊಂಗೋಡಿಬಿಯಲ್ಲಿ, ಆಂಡ್ರಾಯ್ಡ್‌ನಲ್ಲೂ ಅದು ಸೇರಿತು. ಅದನ್ನು ಆಧರಿಸಿ ರಸ್ಟ್ ಭಾಷೆಗೆ ರಸ್ಟಿಲೈನ್ ಬಂತು.

ಆದರೆ ಮೂಲ ಲೈನ್‌ನಾಯ್ಸ್‌ನ ಲೆಕ್ಕ ಸರಳವಾಗಿತ್ತು: ಒಂದು ಬೈಟ್ ಅಂದರೆ ಒಂದು ಅಕ್ಷರ. ಅಲ್ಲಿ 'ಕ' ಬರೆದು ಒಮ್ಮೆ ಅಳಿಸಿದರೆ ಮೂರರಲ್ಲಿ ಒಂದು ಪಾಲು ಮಾತ್ರ ಹೋಗುತ್ತಿತ್ತು, ಉಳಿದದ್ದು ಕಸ. ಮುಂದೆ ಬೇರೆಯವರು ಅದರ ಪ್ರತಿ ತೆಗೆದುಕೊಂಡು ಯುಟಿಎಫ್-8 ಸೇರಿಸಿದರು. ಆಗ 'ಕ' ಸರಿಹೋಯಿತು. 'ಸ್ತ್ರೀ' ಮಾತ್ರ ತುಂಡುಗಳಾಗಿಯೇ ಉಳಿಯಿತು.

ಸ್ಯಾನ್‌ಫಿಲಿಪ್ಪೊ ಅವರನ್ನು ನಾನು ದೂರುವುದಿಲ್ಲ. ತಮಗೆ ಬೇಕಾದದ್ದನ್ನು ಬರೆದು ಊರಿಗೆಲ್ಲ ಹಂಚಿದರು. ಅವರ ಲೆಕ್ಕದಲ್ಲಿ ಕನ್ನಡ ಇರಲಿಲ್ಲ, ಏಕೆಂದರೆ ಹೇಳಲು ನಾವು ಅಲ್ಲಿರಲಿಲ್ಲ.

ನಾವಿಲ್ಲದ ಜಾಗ ಇನ್ನೂ ಇದೆ. ಯೂನಿಕೋಡ್ 2023ರ 15.1 ಆವೃತ್ತಿಯಲ್ಲಿ, ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಎಣಿಸುವ ನಿಯಮ ತಂದಿತು. ಅದರಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ಮಲಯಾಳಂ ಜೊತೆ ನಮ್ಮ ಪಕ್ಕದ ತೆಲುಗೂ ಇತ್ತು. ಕನ್ನಡ ಇರಲಿಲ್ಲ.

'ಒತ್ತು ಮಾತ್ರ ತಪ್ಪಿದ್ದರೆ ಇಡೀ ಅಕ್ಷರ ಯಾಕೆ ಅಳಿಸಬೇಕು?' ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನನ್ನ ಪ್ರಕಾರ ಬಾಣ ಒತ್ತಿದಾಗ ಇಡೀ ಅಕ್ಷರ ದಾಟಬೇಕು, ಅಳಿಸುವಾಗ ತುಂಡು ತುಂಡಾಗಿ ಹೋಗಲಿ. ನಿಮ್ಮ ಅಭಿಪ್ರಾಯ ಬೇರೆ ಇರಬಹುದು. ಆದರೆ ಈ ಚರ್ಚೆ ನಡೆಯಬೇಕಾದದ್ದು ದಿನವೂ ಕನ್ನಡ ಬರೆಯುವವರ ನಡುವೆ.

ಅದಕ್ಕೆ ದೊಡ್ಡ ಕಂಪನಿಯ ಬಾಗಿಲು ತಟ್ಟಬೇಕಿಲ್ಲ. ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಓದುತ್ತಿರುವ ಮಗನೋ ಮಗಳೋ ಇದ್ದರೆ ಲೈನ್‌ನಾಯ್ಸ್ ತೆರೆದು ಓದಲು ಹೇಳಿ. ಪುಟ್ಟ ಕೋಡ್, ಕೂತು ಓದಿದರೆ ಮುಗಿಯುತ್ತದೆ. ಕನ್ನಡ ಟೈಪ್ ಮಾಡಿ, ಎಲ್ಲಿ ಒಡೆಯುತ್ತದೆ ಎಂದು ಬರೆದು ಕಳಿಸಲಿ. ಫೋನ್ ಮಾತ್ರ ಇರುವವರೂ ಸುಮ್ಮನಿರಬೇಕಿಲ್ಲ. ಆ್ಯಪ್ ಒಂದು ನಿಮ್ಮ ಅಕ್ಷರ ಒಡೆದರೆ, ಯಾವ ಪದ, ಎಲ್ಲಿ ಒಡೆಯಿತು ಎಂದು ರಿವ್ಯೂನಲ್ಲಿ ಬರೆಯಿರಿ.

'ಕನ್ನಡ ಸರಿಯಿಲ್ಲ' ಎಂಬ ಗೊಣಗಾಟ ಯಾರಿಗೂ ಉಪಯೋಗವಿಲ್ಲ. 'ಸ್ತ್ರೀ ಒಡೆಯುತ್ತಿದೆ' ಎಂಬ ದೂರನ್ನು ಸರಿಪಡಿಸಬಹುದು.